ಥಿಯರಿ ಆಫ್ ಕಂಪ್ಯೂಟೇಶನ್ ಮತ್ತು ಕಂಪೈಲರ್ ಡಿಸೈನ್: ಐದನೇ ಸೆಮಿಸ್ಟರ್‌ನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಸೈನ್ಸ್ ಓದುವವರಿಗೆ ಮೂರನೇ ವರ್ಷದಲ್ಲಿ ಎದುರಾಗುವ ಈ ವಿಷಯದ ಬಗ್ಗೆ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಪಠ್ಯದ ಮುಂದೆ ಗಾಬರಿಯಾಗಿ ಕೂತವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಪಾರಿಭಾಷಿಕ ಪದಗಳನ್ನು ಕ್ಲಾಸಿನಲ್ಲಿ ಆಡುವ ಹಾಗೆಯೇ ಉಳಿಸಿದ್ದೇನೆ. ಪರೀಕ್ಷೆಯಲ್ಲಿ ನೀವು ಬರೆಯಬೇಕಾದ್ದೂ ಅವನ್ನೇ.

ಇವೆರಡೂ ಬೇರೆ ಬೇರೆ ವಿಷಯಗಳಲ್ಲವೇ? ಒಟ್ಟಿಗೆ ಯಾಕೆ ಕಲಿಸುತ್ತಾರೆ?

ವಿಟಿಯುನ 2021ರ ಸ್ಕೀಮ್‌ನಲ್ಲಿ ಆಟೋಮೇಟಾ ಥಿಯರಿಯನ್ನೂ ಕಂಪೈಲರ್ ಡಿಸೈನನ್ನೂ ಸೇರಿಸಿ ಐದನೇ ಸೆಮಿಸ್ಟರ್‌ಗೆ ಒಂದೇ ಪೇಪರ್ ಮಾಡಿದ್ದರು. ಅದಕ್ಕೂ ಮೊದಲು ಅವು ಬೇರೆ ಬೇರೆಯಾಗಿದ್ದವು. ಗೇಟ್ ಪರೀಕ್ಷೆಯಲ್ಲಿ ಈಗಲೂ ಎರಡು ಪ್ರತ್ಯೇಕ ಭಾಗಗಳು. ಸಿಲಬಸ್ ಹೇಗೇ ಇರಲಿ, ಎರಡನ್ನೂ ಒಟ್ಟಿಗೆ ಓದುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಒಂದು ಯಂತ್ರದ ಹತ್ತಿರ ಎಷ್ಟು ಮೆಮೊರಿ ಇದೆ, ಅದನ್ನು ಯಾವ ಶಿಸ್ತಿನಲ್ಲಿ ಬಳಸಬಹುದು ಎನ್ನುವುದರ ಮೇಲೆ ಆ ಯಂತ್ರ ಏನನ್ನು ಗುರುತಿಸಬಲ್ಲದು, ಏನನ್ನು ಗುರುತಿಸಲಾರದು ಎನ್ನುವುದು ನಿರ್ಧಾರವಾಗುತ್ತದೆ. ಥಿಯರಿ ಭಾಗವಿಡೀ ಇದೇ ಮಾತು. ಬರೀ ಸ್ಟೇಟ್‌ಗಳಿದ್ದರೆ ಫೈನೈಟ್ ಆಟೋಮೇಟನ್. ಅದಕ್ಕೊಂದು ಸ್ಟ್ಯಾಕ್ ಕೊಟ್ಟರೆ ಪುಶ್‌ಡೌನ್ ಆಟೋಮೇಟನ್. ಹಿಂದಕ್ಕೂ ಮುಂದಕ್ಕೂ ಓಡಾಡಿ ಬರೆಯಬಹುದಾದ, ಮುಗಿಯದ ಟೇಪ್ ಕೊಟ್ಟರೆ ಟ್ಯೂರಿಂಗ್ ಮಷೀನ್. ಕಂಪೈಲರ್‌ನೊಳಗೆ ಮೊದಲನೆಯದು ಪ್ರೋಗ್ರಾಂನ ಪಠ್ಯವನ್ನು ಟೋಕನ್ ಎಂಬ ಬಿಡಿ ಪದಗಳಾಗಿ ಒಡೆಯುವ ಲೆಕ್ಸರ್ ಆಗಿ, ಎರಡನೆಯದು ಆ ಪದಗಳ ವಾಕ್ಯರಚನೆ ಗುರುತಿಸುವ ಪಾರ್ಸರ್ ಆಗಿ ದುಡಿಯುತ್ತವೆ. ಕಂಪೈಲರ್‌ನಿಂದ ಯಾವತ್ತೂ ಆಗದ ಕೆಲಸಗಳು ಯಾವುವು ಎಂದು ಮೂರನೆಯದು ಹೇಳುತ್ತದೆ. ಈ ನಕ್ಷೆ ತಲೆಯಲ್ಲಿದ್ದರೆ ಐದೂ ಮಾಡ್ಯೂಲ್‌ಗಳು ಒಂದೇ ದಾರಿಯ ಊರುಗಳಂತೆ ಸಿಗುತ್ತವೆ.

ಶುರು ಮಾಡುವ ಮುನ್ನ ಏನು ಗೊತ್ತಿರಬೇಕು?

ಗಣ, ಫಂಕ್ಷನ್, ಗಣಿತೀಯ ಅನುಗಮನ, ವಿರೋಧಾಭಾಸದಿಂದ ಸಾಧಿಸುವ ವಿಧಾನ. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಸ್ಟ್ಯಾಕ್ ಮತ್ತು ಟ್ರೀ. ಸಿ ಭಾಷೆಯಲ್ಲಿ ಒಂದಿಷ್ಟು ಕೈ ಪಳಗಿರಬೇಕು. ಇಷ್ಟೇ ಸಾಕು.

ಫೈನೈಟ್ ಆಟೋಮೇಟನ್‌ಗೆ ಕೊಡುವ ಉದಾಹರಣೆಗಳೆಲ್ಲ ಕೃತಕ ಅನ್ನಿಸುತ್ತವೆ. ‘ಕೊನೆಯಲ್ಲಿ 01 ಇರುವ ಸ್ಟ್ರಿಂಗ್’ ಇಟ್ಟುಕೊಂಡು ಏನು ಮಾಡುವುದು?

ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸಿದ್ದು ನೆನಪಿದೆಯೇ? ಆಗ ನೀವು ಕೈಯಲ್ಲಿ ನಡೆಸಿದ್ದು ಒಂದು ಡಿಎಫ್‌ಎ, ಅಂದರೆ ಪ್ರತಿ ಅಕ್ಷರಕ್ಕೂ ಮುಂದಿನ ಸ್ಟೇಟ್ ಒಂದೇ ಎಂದು ನಿಗದಿಯಾಗಿರುವ ಫೈನೈಟ್ ಆಟೋಮೇಟನ್. ಅದನ್ನೇ ಪೂರ್ತಿ ಕಟ್ಟೋಣ.

ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಸರದಿಯಂತೆ ಬರುತ್ತವೆ: 3, 4, 3, 4. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಗಣದ ಗಡಿಯ ಮೇಲೆ ಗುರು ಕಾಲು ಚಾಚುವಂತಿಲ್ಲ. ಸದ್ಯಕ್ಕೆ ಒಂದು ಸಣ್ಣ ಭಾಷೆ (ಯಂತ್ರ ಒಪ್ಪಬೇಕಾದ ಸ್ಟ್ರಿಂಗ್‌ಗಳ ಗುಂಪು) ಇಟ್ಟುಕೊಳ್ಳೋಣ: 3+4 ಎಂಬ ಜೋಡಿ ಎಷ್ಟು ಸಲ ಬೇಕಾದರೂ ಬರಬಹುದು, ಆದರೆ ಜೋಡಿ ಪೂರ್ತಿಯಾಗಿರಬೇಕು. ಇನ್‌ಪುಟ್ ಅಕ್ಷರಗಳು ಎರಡೇ, ‘ಲ’ ಮತ್ತು ‘ಗು’.

ಯಂತ್ರ ನೆನಪಿಡಬೇಕಾದ್ದು ಒಂದೇ ಸಂಗತಿ: ಈಗಿನ ಜೋಡಿಯಲ್ಲಿ ಎಷ್ಟು ಮಾತ್ರೆ ಕಳೆದಿದೆ. ಆದ್ದರಿಂದ ಸ್ಟೇಟ್‌ಗಳು 0ರಿಂದ 6ರವರೆಗೆ ಏಳು, ಜೊತೆಗೆ ತಪ್ಪಾದಾಗ ಬಿದ್ದು ಮತ್ತೆ ಏಳಲಾಗದ ಡೆಡ್ ಸ್ಟೇಟ್ ಒಂದು. 0ರಲ್ಲಿ ‘ಲ’ ಬಂದರೆ 1, ‘ಗು’ ಬಂದರೆ 2. 1ರಲ್ಲಿ ‘ಲ’ ಬಂದರೆ 2, ‘ಗು’ ಬಂದರೆ 3. 2ರಲ್ಲಿ ‘ಲ’ ಬಂದರೆ 3. ‘ಗು’ ಬಂದರೆ ಅದು ಮೂರರ ಗಡಿ ದಾಟುತ್ತದೆ, ಡೆಡ್ ಸ್ಟೇಟ್. 3ರಿಂದ 4 ಅಥವಾ 5. 4ರಿಂದ 5 ಅಥವಾ 6. 5ರಲ್ಲಿ ‘ಲ’ ಬಂದರೆ 6, ‘ಗು’ ಬಂದರೆ ಜೋಡಿ ಮುಗಿದು ಮತ್ತೆ 0. 6ರಲ್ಲಿ ‘ಲ’ ಬಂದರೆ 0, ‘ಗು’ ಬಂದರೆ ಡೆಡ್ ಸ್ಟೇಟ್. ಶುರುವಾಗುವುದೂ ಒಪ್ಪಿಕೊಳ್ಳುವುದೂ 0ರಲ್ಲೇ.

ಹಾಳೆಯ ಮೇಲೆ ಎಂಟು ವೃತ್ತ ಬರೆದು ಬಾಣಗಳನ್ನು ಹಾಕಿ ನೋಡಿ. ಸಾವಿರ ಸಾಲಿನ ಕಾವ್ಯ ಕೊಟ್ಟರೂ ಈ ಯಂತ್ರಕ್ಕೆ ಒಂಬತ್ತನೇ ಸ್ಟೇಟ್ ಬೇಕಾಗುವುದಿಲ್ಲ. ಫೈನೈಟ್ ಆಟೋಮೇಟನ್ ಗುರುತಿಸಬಲ್ಲ ಭಾಷೆಗೆ ರೆಗ್ಯುಲರ್ ಭಾಷೆ ಎನ್ನುತ್ತಾರೆ, ಅದರ ತಿರುಳು ಅಷ್ಟೇ: ಇನ್‌ಪುಟ್ ಎಷ್ಟೇ ಉದ್ದವಿರಲಿ, ನೆನಪಿಡಬೇಕಾದ್ದು ಒಂದು ಮಿತಿಯೊಳಗೇ ಇರುತ್ತದೆ.

ಇದನ್ನೇ ಮುಂದುವರಿಸಿ. ಮೂರನೇ ಮತ್ತು ಆರನೇ ಸಾಲಿನಲ್ಲಿ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಬರುತ್ತದೆ. ಪೂರ್ತಿ ಪದ್ಯಕ್ಕೆ ಸ್ಟೇಟ್‌ಗಳು ಹೆಚ್ಚುತ್ತವೆ, ಆದರೂ ಎಣಿಕೆಗೆ ಸಿಗುವಷ್ಟೇ. ಆದಿಪ್ರಾಸ ಸೇರಿಸಿದರೆ? ಎಲ್ಲ ಸಾಲುಗಳ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಇರಬೇಕು. ವ್ಯಂಜನಗಳ ಸಂಖ್ಯೆಗೆ ಮಿತಿ ಇರುವುದರಿಂದ ಮೊದಲ ಸಾಲಿನಲ್ಲಿ ಬಂದದ್ದು ಯಾವುದು ಎಂಬುದನ್ನೂ ಸ್ಟೇಟ್‌ನಲ್ಲೇ ಹಿಡಿದಿಡಬಹುದು. ಅದೂ ರೆಗ್ಯುಲರ್. ಇದಕ್ಕೆ ಸ್ಟೇಟ್ ಎಷ್ಟು ಪಟ್ಟು ಹೆಚ್ಚುತ್ತದೆ ಎಂದು ನೀವೇ ಲೆಕ್ಕ ಹಾಕಿ. ಇಂಟರ್ನಲ್ಸ್‌ನಲ್ಲಿ ಬರುವ ಪ್ರಶ್ನೆಗಳಿಗಿಂತ ಇದು ಹೆಚ್ಚು ಕಲಿಸುತ್ತದೆ.

ಎನ್‌ಎಫ್‌ಎಗೂ ಡಿಎಫ್‌ಎಗೂ ಶಕ್ತಿ ಒಂದೇ ಅಂದಮೇಲೆ ಎರಡು ಯಾಕೆ?

ಒಂದೇ ಅಕ್ಷರಕ್ಕೆ ಹಲವು ಸ್ಟೇಟ್‌ಗಳಿಗೆ ಹೋಗಬಹುದಾದದ್ದು ಎನ್‌ಎಫ್‌ಎ. ಶಕ್ತಿ ಒಂದೇ, ಗಾತ್ರ ಬೇರೆ. ಮೈಕಲ್ ರಾಬಿನ್ ಮತ್ತು ಡೇನಾ ಸ್ಕಾಟ್ 1959ರಲ್ಲಿ ತೋರಿಸಿದ್ದು ಇದನ್ನೇ: ಎನ್‌ಎಫ್‌ಎ ಒಂದೇ ಹೊತ್ತಿಗೆ ಯಾವ ಯಾವ ಸ್ಟೇಟ್‌ಗಳಲ್ಲಿ ಇರಬಹುದು ಎಂಬ ಗುಂಪನ್ನೇ ಡಿಎಫ್‌ಎಯ ಒಂದು ಸ್ಟೇಟ್ ಎಂದು ಎಣಿಸಿ. ಇಬ್ಬರಿಗೂ 1976ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

‘ಕೊನೆಯಿಂದ ಹತ್ತನೇ ಅಕ್ಷರ ಅ ಆಗಿರಬೇಕು’ ಎನ್ನುವ ಭಾಷೆಗೆ ಎನ್‌ಎಫ್‌ಎಯಲ್ಲಿ 11 ಸ್ಟೇಟ್ ಸಾಕು. ಡಿಎಫ್‌ಎಗೆ 1024 ಬೇಕೇ ಬೇಕು, ಏಕೆಂದರೆ ಕೊನೆಯ ಹತ್ತು ಅಕ್ಷರಗಳಲ್ಲಿ ಯಾವ್ಯಾವ ಜಾಗದಲ್ಲಿ ಅ ಇತ್ತು ಎಂಬುದನ್ನೆಲ್ಲ ಅದು ನೆನಪಿಡಬೇಕು. ಬರೆಯುವಾಗ ಎನ್‌ಎಫ್‌ಎ ಸುಲಭ, ಓಡಿಸುವಾಗ ಡಿಎಫ್‌ಎ ವೇಗ. ಲೆಕ್ಸರ್ ಹುಟ್ಟಿಸುವ ಲೆಕ್ಸ್, ಫ್ಲೆಕ್ಸ್‌ನಂಥ ಟೂಲ್‌ಗಳು ನೀವು ಬರೆದ ಪ್ಯಾಟರ್ನ್‌ನಿಂದ ಹೊರಟು ಕೊನೆಗೆ ಡಿಎಫ್‌ಎ ಟೇಬಲ್ ಕೊಡುವುದು ಇದಕ್ಕೇ.

ಪೈಥಾನ್‌ನಲ್ಲಿ ಬಳಸುವ ರೆಜೆಕ್ಸ್ ಮತ್ತು ಪಠ್ಯದ ರೆಗ್ಯುಲರ್ ಎಕ್ಸ್‌ಪ್ರೆಶನ್ ಒಂದೇನಾ?

ಎರಡೂ ಸ್ಟ್ರಿಂಗ್‌ಗಳ ಮಾದರಿಯನ್ನು ಹೇಳುವ ಸೂತ್ರಗಳೇ, ಆದರೆ ಪೂರ್ತಿ ಒಂದೇ ಅಲ್ಲ. ಪಠ್ಯದಲ್ಲಿರುವುದು ಗಣಿತಜ್ಞ ಕ್ಲೀನೆ ಅವರ ಮೂರು ಕ್ರಿಯೆಗಳು ಮಾತ್ರ: ಸೇರಿಸುವುದು, ಆಯ್ಕೆ, ಮರುಕಳಿಕೆ. ಪೈಥಾನ್, ಪರ್ಲ್, ಜಾವಾದ ರೆಜೆಕ್ಸ್‌ನಲ್ಲಿ ಹಿಂದೆ ಹಿಡಿದ ತುಂಡನ್ನೇ ಮತ್ತೆ ಕೇಳುವ ಬ್ಯಾಕ್‌ರೆಫರೆನ್ಸ್ ಇದೆ. ಅದು ರೆಗ್ಯುಲರ್ ಭಾಷೆಯ ಗಡಿಯಾಚೆಯದು.

ಆ ಸೌಕರ್ಯಕ್ಕೆ ಬೆಲೆಯೂ ಇದೆ. ಇಂಥ ಎಂಜಿನ್‌ಗಳು ಬ್ಯಾಕ್‌ಟ್ರ್ಯಾಕ್ ಮಾಡುತ್ತವೆ: ಒಂದು ದಾರಿ ಹಿಡಿದು ಹೋಗಿ, ತಪ್ಪಾದರೆ ಹಿಂದೆ ಬಂದು ಇನ್ನೊಂದನ್ನು ನೋಡುತ್ತವೆ. ಕೆಲವು ಪ್ಯಾಟರ್ನ್‌ಗಳಲ್ಲಿ ಈ ದಾರಿಗಳು ವಿಪರೀತ ಬೆಳೆಯುತ್ತವೆ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಕಂಪನಿ ತನ್ನ ಫೈರ್‌ವಾಲ್‌ಗೆ ಸೇರಿಸಿದ ಒಂದು ಹೊಸ ನಿಯಮದಲ್ಲಿ ಅಂಥ ರೆಜೆಕ್ಸ್ ಇತ್ತು. ‘ಏನು ಬೇಕಾದರೂ, ಎಷ್ಟು ಬೇಕಾದರೂ’ ಎಂದು ಹೇಳುವ ಚುಕ್ಕಿ-ನಕ್ಷತ್ರದ ಜೋಡಿ ಅದರಲ್ಲಿ ಒಂದರ ಬೆನ್ನಿಗೊಂದು ಬಂದಿತ್ತು. ಜಗತ್ತಿನಾದ್ಯಂತ ಅವರ ಸರ್ವರ್‌ಗಳ ಸಿಪಿಯು ಅದರಲ್ಲೇ ಮುಳುಗಿ, ಅವರನ್ನು ನೆಚ್ಚಿದ್ದ ಸೈಟ್‌ಗಳು 27 ನಿಮಿಷ ತೆರೆಯಲಿಲ್ಲ. ಆಮೇಲೆ ಅವರು ಆಯ್ದುಕೊಂಡದ್ದು ಬ್ಯಾಕ್‌ಟ್ರ್ಯಾಕ್ ಮಾಡದ ಎಂಜಿನ್‌ಗಳ ದಾರಿ. ಕೆನ್ ಥಾಂಪ್ಸನ್ 1968ರಲ್ಲೇ ಪ್ರಕಟಿಸಿದ್ದ ವಿಧಾನದ ಕುಲದ್ದು ಅದು: ಎನ್‌ಎಫ್‌ಎಯ ಎಲ್ಲ ಸ್ಟೇಟ್‌ಗಳನ್ನು ಒಟ್ಟಿಗೆ ಹಿಡಿದು ಇನ್‌ಪುಟ್‌ನ ಮೇಲೆ ಒಂದೇ ಸಲ ನಡೆದು ಹೋಗುವುದು. ‘ಎನ್‌ಎಫ್‌ಎ ಬರೀ ಪರೀಕ್ಷೆಗೆ’ ಎಂದು ಯಾರಾದರೂ ಅಂದರೆ ಈ ಘಟನೆ ಹೇಳಿ.

ಪಂಪಿಂಗ್ ಲೆಮ್ಮಾ ತಲೆಗೇ ಹತ್ತುತ್ತಿಲ್ಲ.

ಒಂದು ಭಾಷೆ ರೆಗ್ಯುಲರ್ ಅಲ್ಲ ಎಂದು ಸಾಧಿಸಲು ಬಳಸುವ ಈ ಲೆಮ್ಮಾ ಬಹುಪಾಲು ಜನ ಎಡವುವ ಜಾಗ. ‘ಎಲ್ಲದಕ್ಕೂ’, ‘ಯಾವುದೋ ಒಂದಕ್ಕೆ’ ಎಂಬ ಮಾತುಗಳು ಒಂದೇ ವಾಕ್ಯದಲ್ಲಿ ಸರದಿಯಾಗಿ ಬರುವುದೇ ತೊಡಕು. ಇಬ್ಬರು ಆಡುವ ಆಟ ಅಂದುಕೊಂಡರೆ ಬಿಡಿಸಿಕೊಳ್ಳುತ್ತದೆ. ಎದುರಾಳಿ ‘ಈ ಭಾಷೆ ರೆಗ್ಯುಲರ್’ ಅನ್ನುತ್ತಾನೆ. ನೀವು ‘ಅಲ್ಲ’ ಅನ್ನುತ್ತೀರಿ.

ಮೊದಲ ನಡೆ ಅವನದು: ಒಂದು ಸಂಖ್ಯೆ ಹೇಳುತ್ತಾನೆ, ಅದಕ್ಕೆ ‘ಪಿ’ ಎನ್ನೋಣ. ಎರಡನೆಯದು ನಿಮ್ಮದು: ಭಾಷೆಯೊಳಗಿನ, ಪಿಗಿಂತ ಕಡಿಮೆಯಿಲ್ಲದ ಉದ್ದದ ಒಂದು ಸ್ಟ್ರಿಂಗ್ ಆರಿಸುತ್ತೀರಿ. ಮೂರನೆಯದು ಮತ್ತೆ ಅವನದು: ಅದನ್ನು ಮೂರು ತುಂಡು ಮಾಡುತ್ತಾನೆ, ಮೊದಲೆರಡು ಸೇರಿ ಪಿ ಅಕ್ಷರ ಮೀರಬಾರದು, ನಡುವಿನದು ಖಾಲಿ ಇರಬಾರದು. ಕೊನೆಯದು ನಿಮ್ಮದು: ನಡುವಿನ ತುಂಡನ್ನು ಎಷ್ಟು ಸಲ ಬರೆಯಬೇಕೆಂದು ಹೇಳುತ್ತೀರಿ. ಬಂದ ಸ್ಟ್ರಿಂಗ್ ಭಾಷೆಯಿಂದ ಹೊರಬಿದ್ದರೆ ಗೆಲುವು ನಿಮ್ಮದು. ಅವನು ಹೇಗೇ ಆಡಿದರೂ ನೀವು ಗೆಲ್ಲಬಲ್ಲಿರಾದರೆ ಭಾಷೆ ರೆಗ್ಯುಲರ್ ಅಲ್ಲ.

‘ಕೆಲವು ಅ, ಆಮೇಲೆ ಅಷ್ಟೇ ಬ’ ಎಂಬ ಭಾಷೆ ತೆಗೆದುಕೊಳ್ಳಿ. ಅವನು ಪಿ ಹೇಳಿದ. ನೀವು ಪಿ ಸಲ ಅ, ಪಿ ಸಲ ಬ ಇರುವ ಸ್ಟ್ರಿಂಗ್ ಕೊಟ್ಟಿರಿ. ಮೊದಲ ಪಿ ಅಕ್ಷರಗಳೆಲ್ಲ ಅ ಆದ್ದರಿಂದ ಅವನು ಹೇಗೇ ಕತ್ತರಿಸಿದರೂ ನಡುವಿನ ತುಂಡಿನಲ್ಲಿ ಇರುವುದು ಬರೀ ಅ. ಅದನ್ನು ಎರಡು ಸಲ ಬರೆಯಿರಿ. ಅಗಳು ಹೆಚ್ಚಾದವು, ಬಗಳು ಅಷ್ಟೇ ಉಳಿದವು. ಆಟ ಮುಗಿಯಿತು.

ಉತ್ತರಪತ್ರಿಕೆಗಳಲ್ಲಿ ಕಾಣುವ ತಪ್ಪು ಎರಡು. ಒಂದು, ತುಂಡು ಮಾಡುವ ಕೆಲಸವನ್ನೂ ತಾವೇ ಮಾಡಿ, ತಮಗೆ ಅನುಕೂಲವಾದ ಒಂದೇ ಕತ್ತರಿಕೆಗೆ ಸಾಧಿಸಿ ತೋರಿಸುವುದು. ಆ ನಡೆ ನಿಮ್ಮದಲ್ಲ. ಇನ್ನೊಂದು, ‘ಪಂಪ್ ಆಯಿತು, ಆದ್ದರಿಂದ ರೆಗ್ಯುಲರ್’ ಎಂದು ಬರೆಯುವುದು. ರೆಗ್ಯುಲರ್ ಅಲ್ಲದಿದ್ದರೂ ಪಂಪ್ ಆಗುವ ಭಾಷೆಗಳಿವೆ. ರೆಗ್ಯುಲರ್ ಎಂದು ಸಾಧಿಸಬೇಕಾದರೆ ಡಿಎಫ್‌ಎಯನ್ನೋ ರೆಗ್ಯುಲರ್ ಎಕ್ಸ್‌ಪ್ರೆಶನನ್ನೋ ಬರೆದು ತೋರಿಸಿ.

ಪಾಣಿನಿಯೇ ಇದನ್ನೆಲ್ಲ ಮೊದಲು ಮಾಡಿದ್ದ ಎನ್ನುತ್ತಾರಲ್ಲ, ಎಷ್ಟು ನಿಜ?

ನಿಜವಾದ ಭಾಗವೇ ಸಾಕಷ್ಟು ದೊಡ್ಡದು, ಉಬ್ಬಿಸುವ ಅಗತ್ಯವಿಲ್ಲ. ಅಷ್ಟಾಧ್ಯಾಯಿಯಲ್ಲಿ ಹತ್ತಿರ ಹತ್ತಿರ 4000 ಸೂತ್ರಗಳಿವೆ, ಅವುಗಳಲ್ಲಿ ಬಹಳಷ್ಟು ಮರುಬರಹದ ನಿಯಮಗಳ ರೂಪದಲ್ಲಿವೆ. ‘ಇಕೋ ಯಣಚಿ’ ನೋಡಿ. ಷಷ್ಠಿಯಲ್ಲಿರುವುದು ಬದಲಾಗುವ ಅಕ್ಷರ, ಪ್ರಥಮೆಯಲ್ಲಿರುವುದು ಅದರ ಜಾಗಕ್ಕೆ ಬರುವುದು, ಸಪ್ತಮಿಯಲ್ಲಿರುವುದು ಮುಂದೆ ಏನಿರಬೇಕು ಎಂಬ ಷರತ್ತು. ಇ, ಉ, ಋಗಳ ಮುಂದೆ ಬೇರೆ ಸ್ವರ ಬಂದರೆ ಯ, ವ, ರ. ಅತಿ ಮತ್ತು ಅಂತ ಸೇರಿ ಅತ್ಯಂತ ಆಗುವುದು ಹೀಗೆ. ವಿಭಕ್ತಿಯನ್ನೇ ನಿಯಮದ ಸಂಕೇತವಾಗಿ ದುಡಿಸಿದ ಆ ಕಲ್ಪನೆ ಅಸಾಧಾರಣವಾದದ್ದು. 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬವರು, ಪ್ರೋಗ್ರಾಮಿಂಗ್ ಭಾಷೆಗಳ ಗ್ರಾಮರ್ ಬರೆಯುವ ಸಂಕೇತಕ್ರಮವಾದ ಬಿಎನ್‌ಎಫ್‌ಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಪತ್ರ ಬರೆದು ಸೂಚಿಸಿದ್ದರು.

ಆದರೆ ಬಿಎನ್‌ಎಫ್ ಹುಟ್ಟಿದ್ದು ಅಷ್ಟಾಧ್ಯಾಯಿಯಿಂದ ಅಲ್ಲ. ಜಾನ್ ಬ್ಯಾಕಸ್ 1959ರಲ್ಲಿ ಆಲ್ಗೋಲ್ ಭಾಷೆಯನ್ನು ವಿವರಿಸಲು ಅದನ್ನು ಸ್ವತಂತ್ರವಾಗಿ ರೂಪಿಸಿದರು, ಪೀಟರ್ ನೌರ್ ತಿದ್ದಿ ಆಲ್ಗೋಲ್ 60ರ ವರದಿಯಲ್ಲಿ ಬಳಸಿದರು. ಸಂಸ್ಕೃತದಲ್ಲಿ ಪ್ರೋಗ್ರಾಂ ಬರೆದರೆ ಕಂಪ್ಯೂಟರ್‌ಗೆ ಹೆಚ್ಚು ಅನುಕೂಲ ಎಂಬ ಮಾತಿಗೆ ಈ ವಿಷಯದೊಳಗೆ ಯಾವ ಆಧಾರವೂ ಇಲ್ಲ.

ಕಂಪೈಲರ್‌ನ ಹಂತಗಳನ್ನು ಬಾಯಿಪಾಠ ಮಾಡಿದ್ದೇನೆ. ನಿಜವಾಗಿ ಏನಾಗುತ್ತದೆ?

ಒಂದು ಸಾಲನ್ನು ಹಿಂಬಾಲಿಸೋಣ: ಮೊತ್ತ = ದರ * 12 + 5;

ಲೆಕ್ಸರ್ ಇದನ್ನು ಎಂಟು ಟೋಕನ್ ಮಾಡುತ್ತದೆ, ಕೊನೆಯ ಅರ್ಧವಿರಾಮವೂ ಸೇರಿ. ಪಾರ್ಸರ್ ಗ್ರಾಮರ್ ಪ್ರಕಾರ ಮರ ಕಟ್ಟುತ್ತದೆ: ತುದಿಯಲ್ಲಿ ‘=’, ಅದರ ಬಲಕ್ಕೆ ‘+’, ಆ ‘+’ನ ಎಡಕ್ಕೆ ‘*’. ಗುಣಾಕಾರ ಮೊದಲು ಎನ್ನುವುದು ಮರದ ಆಕಾರದಲ್ಲೇ ಬಂದುಬಿಟ್ಟಿತು. ಸೆಮ್ಯಾಂಟಿಕ್ ಹಂತ ಸಿಂಬಲ್ ಟೇಬಲ್ ತೆಗೆದು ‘ದರ’ ಘೋಷಣೆಯಾಗಿದೆಯೇ, ಅದರ ಟೈಪ್ ಏನು ಎಂದು ನೋಡುತ್ತದೆ. ಫ್ಲೋಟ್ ಆಗಿದ್ದರೆ 12ನ್ನೂ 5ನ್ನೂ ಫ್ಲೋಟ್ ಮಾಡುತ್ತದೆ. ಆಮೇಲೆ ಮೂರು ವಿಳಾಸದ ಕೋಡ್: ತ1 = ದರ * 12; ತ2 = ತ1 + 5; ಮೊತ್ತ = ತ2.

ಎಲ್ಲವೂ ಪೂರ್ಣಾಂಕವಾಗಿದ್ದರೆ ಮುಂದಿನದು ನೋಡಲು ಚೆಂದ. ಜಿಸಿಸಿ ಎಂಬ ಸಿ ಕಂಪೈಲರ್‌ಗೆ ಓ2 ಆಯ್ಕೆ ಕೊಟ್ಟು ಅಸೆಂಬ್ಲಿ ತೆಗೆಸಿ. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಿಗೆ ಅದು ಸಾಮಾನ್ಯವಾಗಿ ಗುಣಾಕಾರದ ಆದೇಶವನ್ನೇ ಹಾಕುವುದಿಲ್ಲ. ದರಕ್ಕೆ ದರದ ಎರಡರಷ್ಟನ್ನು ಕೂಡಿಸಿ ಮೂರರಷ್ಟು ಮಾಡುತ್ತದೆ, ಅದರ ನಾಲ್ಕರಷ್ಟಕ್ಕೆ 5 ಸೇರಿಸುತ್ತದೆ. ವಿಳಾಸ ಲೆಕ್ಕ ಹಾಕಲೆಂದು ಇರುವ ‘ಲಿಯಾ’ ಎಂಬ ಆದೇಶ ಎರಡು ಸಲ ಬಂದರೆ ಕೆಲಸ ಮುಗಿಯಿತು. ಪಠ್ಯದ ಚಿತ್ರದಲ್ಲಿ ‘ಆಪ್ಟಿಮೈಸೇಶನ್’ ಎಂಬ ಡಬ್ಬದೊಳಗೆ ನಡೆಯುವುದು ಇಂಥದ್ದು. ಒಂದು ಸಲ ಕಣ್ಣಾರೆ ನೋಡಿದರೆ ಮರೆಯುವುದಿಲ್ಲ.

ಒಂದೊಂದು ಎರರ್ ಯಾವ ಹಂತದಲ್ಲಿ ಸಿಗುತ್ತದೆ ಎಂದು ಹೇಗೆ ಹೇಳುವುದು?

ಸಿ ಭಾಷೆಯಲ್ಲಿ ಅ+++++ಬ ಎಂದು ಬರೆದರೆ ಕಂಪೈಲ್ ಆಗುವುದಿಲ್ಲ. ಅ++ + ++ಬ ಎಂದು ಒಡೆದರೆ ಸರಿಯಾದ ಅರ್ಥ ಬರುತ್ತಿತ್ತು. ಆದರೆ ಲೆಕ್ಸರ್ ಯಾವಾಗಲೂ ಸಾಧ್ಯವಾದಷ್ಟು ಉದ್ದದ ಟೋಕನ್ ಎತ್ತಿಕೊಳ್ಳುತ್ತದೆ, ಮುಂದೇನಿದೆ ಎಂಬ ಚಿಂತೆ ಅದಕ್ಕಿಲ್ಲ. ಹಾಗಾಗಿ ++, ++, + ಬರುತ್ತವೆ. ವ್ಯಾಕರಣದ ಪ್ರಕಾರ ಇದೂ ಒಪ್ಪಿತವೇ, ಪಾರ್ಸರ್ ತಕರಾರು ಮಾಡುವುದಿಲ್ಲ. ತಪ್ಪು ಹಿಡಿಯುವುದು ಸೆಮ್ಯಾಂಟಿಕ್ ಹಂತ: ಅ++ ಎಂಬುದರ ಫಲ ಒಂದು ಬೆಲೆ ಮಾತ್ರ, ಬೆಲೆ ಇಡುವ ಜಾಗವಲ್ಲ, ಅದಕ್ಕೆ ಮತ್ತೆ ++ ಹಾಕುವಂತಿಲ್ಲ. ಒಂದೇ ಸಾಲಿನಲ್ಲಿ ಮೂರೂ ಹಂತಗಳ ಗಡಿ ಕಾಣುವ ಉದಾಹರಣೆ ಇದು.

ಫಸ್ಟ್, ಫಾಲೋ ಲೆಕ್ಕ ಮಾಡುತ್ತೇನೆ, ಯಾಕೆಂದು ಮಾತ್ರ ಗೊತ್ತಿಲ್ಲ.

ಚಿಕ್ಕ ಗ್ರಾಮರ್ ಹಿಡಿಯೋಣ. ಉಕ್ತಿಗೆ ‘ಉ’, ಅದರ ಶೇಷಕ್ಕೆ ‘ಶೇ’, ಬಿಡಿ ಘಟಕಕ್ಕೆ ‘ಮ’. ಎಪ್ಸಿಲಾನ್ ಎಂದರೆ ಖಾಲಿ ಸ್ಟ್ರಿಂಗ್.

ಉ → ಮ ಶೇ
ಶೇ → + ಮ ಶೇ | ಎಪ್ಸಿಲಾನ್
ಮ → ( ಉ ) | ಸಂಖ್ಯೆ

ಪಾರ್ಸರ್ ಈಗ ‘ಶೇ’ ಬಿಡಿಸಬೇಕು, ಮುಂದಿನ ಟೋಕನ್ ಒಂದೇ ಅದಕ್ಕೆ ಕಾಣುತ್ತದೆ. ಅದು + ಆಗಿದ್ದರೆ ಮೊದಲ ನಿಯಮ. ಇದು ಫಸ್ಟ್ ಹೇಳುವ ಮಾತು. ಆದರೆ ಮುಂದೆ ಕಂಡದ್ದು ಮುಚ್ಚುವ ಆವರಣ ಆದರೆ? ‘ಶೇ’ಯಿಂದ ಅದು ಹುಟ್ಟಲಾರದು. ಹಾಗಾದರೆ ‘ಶೇ’ ಖಾಲಿಯಾಗಿ ಕರಗಿಹೋಗಿ, ಅದರ ನಂತರ ಬರಬೇಕಾದ್ದು ಬಂದಿರಬೇಕು. ‘ಶೇ’ಯ ನಂತರ ಏನೇನು ಬರಬಹುದು ಎಂಬ ಪಟ್ಟಿಯೇ ಫಾಲೋ: ಮುಚ್ಚುವ ಆವರಣ, ಇಲ್ಲವೇ ಇನ್‌ಪುಟ್‌ನ ಕೊನೆ. ಎಪ್ಸಿಲಾನ್ ನಿಯಮವನ್ನು ಯಾವಾಗ ಬಳಸಬೇಕೆಂದು ತೀರ್ಮಾನಿಸಲು ಫಾಲೋ ಬೇಕು. ಹೀಗೆ ಮುಂದಿನ ಟೋಕನ್ ನೋಡಿ ಮರವನ್ನು ಮೇಲಿನಿಂದ ಕೆಳಕ್ಕೆ ಕಟ್ಟುವ ಎಲ್‌ಎಲ್ ಪಾರ್ಸಿಂಗ್‌ನಲ್ಲಿ ಎಪ್ಸಿಲಾನ್ ಎಲ್ಲೂ ಇಲ್ಲದ ಗ್ರಾಮರ್‌ಗೆ ಅದರ ಅವಶ್ಯಕತೆಯೇ ಬೀಳುವುದಿಲ್ಲ.

‘ಮ’ದ ಫಾಲೋ ನೀವೇ ಹಾಕಿ. +, ಮುಚ್ಚುವ ಆವರಣ, ಕೊನೆಯ ಗುರುತು ಮೂರೂ ಬಂದಿದ್ದರೆ ಸರಿ. + ಒಂದೇ ಬಂದಿದ್ದರೆ ‘ಶೇ’ ಖಾಲಿಯಾಗಬಲ್ಲದು ಎಂಬುದನ್ನು ಬಿಟ್ಟಿದ್ದೀರಿ.

ಎಲ್‌ಆರ್ ಟೇಬಲ್ ಕಟ್ಟುವುದು ಇಷ್ಟು ಕಷ್ಟ. ಉದ್ಯಮದಲ್ಲಿ ಯಾರಾದರೂ ಬಳಸುತ್ತಾರಾ?

ಕೈಯಲ್ಲಿ ಯಾರೂ ಕಟ್ಟುವುದಿಲ್ಲ. ಡೊನಾಲ್ಡ್ ಕನೂತ್ 1965ರಲ್ಲಿ, ಮರವನ್ನು ಕೆಳಗಿನಿಂದ ಮೇಲಕ್ಕೆ ಕಟ್ಟುವ ಎಲ್‌ಆರ್ ವಿಧಾನ ಕೊಟ್ಟರು. ಅದರ ಟೇಬಲ್‌ಗಳು ಆ ಕಾಲದ ಯಂತ್ರಗಳಿಗೆ ತೀರಾ ದೊಡ್ಡವಾಗಿದ್ದವು. ಕೆಲವು ವರ್ಷಗಳ ನಂತರ ಫ್ರ್ಯಾಂಕ್ ಡಿರೆಮರ್ ಟೇಬಲ್ ಚಿಕ್ಕದಾಗುವ ಎಲ್‌ಎಎಲ್‌ಆರ್ ರೂಪ ತಂದ ಮೇಲೆ ಅದು ಬಳಕೆಗೆ ಬಂತು. ಗ್ರಾಮರ್ ಕೊಟ್ಟರೆ ಪಾರ್ಸರ್ ಹುಟ್ಟಿಸುವ ಟೂಲ್‌ಗಳಾದ, ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಬರೆದ ಯಾಕ್, ಈಗಿನ ಬೈಸನ್ ಈ ಕುಟುಂಬದವು. ಪೋಸ್ಟ್‌ಗ್ರೆಸ್ ಡೇಟಾಬೇಸ್ ನಿಮ್ಮ ಎಸ್‌ಕ್ಯೂಎಲ್ ಓದುವುದು ಇವತ್ತಿಗೂ ಬೈಸನ್ ಪಾರ್ಸರ್‌ನಿಂದ.

ದೊಡ್ಡ ಭಾಷೆಗಳ ಕಂಪೈಲರ್‌ಗಳು ಮಾತ್ರ ಬೇರೆ ದಾರಿ ಹಿಡಿದಿವೆ. ಜಿಸಿಸಿ 2004ರ 3.4 ಆವೃತ್ತಿಯಲ್ಲಿ ಸಿ++ಗೆ, 2006ರ 4.1ರಲ್ಲಿ ಸಿಗೆ ಬೈಸನ್ ಬಿಟ್ಟು ಕೈಬರಹದ ರಿಕರ್ಸಿವ್ ಡಿಸೆಂಟ್ ಪಾರ್ಸರ್ (ಗ್ರಾಮರ್‌ನ ಪ್ರತಿ ಚಿಹ್ನೆಗೂ ಒಂದು ಫಂಕ್ಷನ್ ಬರೆಯುವ ವಿಧಾನ) ಹಾಕಿಕೊಂಡಿತು. ಇನ್ನೊಂದು ಸಿ ಕಂಪೈಲರ್ ಕ್ಲ್ಯಾಂಗ್ ಮೊದಲಿನಿಂದಲೂ ಹಾಗೆಯೇ. ಪೈಥಾನ್ 2020ರ 3.9ರಲ್ಲಿ ಎಲ್‌ಎಲ್ ಬಿಟ್ಟು, ಆಯ್ಕೆಗಳನ್ನು ಬರೆದ ಕ್ರಮದಲ್ಲೇ ನೋಡುವ ಪೆಗ್ ಪಾರ್ಸರ್‌ಗೆ ಬಂತು. ಎರರ್ ಸಂದೇಶ ಚೆನ್ನಾಗಿ ಕೊಡಬಹುದು, ಸಂದರ್ಭ ನೋಡಿ ತೀರ್ಮಾನ ಮಾಡಬಹುದು ಎನ್ನುವುದು ಕೈಬರಹದ ಪಾರ್ಸರ್‌ನ ಲಾಭ. ಸಿ ಭಾಷೆಯಲ್ಲಿ ‘ಟ * ಕ;’ ಎಂಬುದು ಗುಣಾಕಾರವೋ, ‘ಟ’ ಎಂಬ ಟೈಪ್‌ನ ಪಾಯಿಂಟರ್ ಘೋಷಣೆಯೋ ಎನ್ನುವುದು ಗ್ರಾಮರ್‌ನಿಂದ ತಿಳಿಯುವುದೇ ಇಲ್ಲ, ಸಿಂಬಲ್ ಟೇಬಲ್ ಕೇಳಬೇಕು.

ಆದರೂ ಎಲ್‌ಆರ್ ಓದಿ. ಶಿಫ್ಟ್-ರೆಡ್ಯೂಸ್ ಕಾನ್‌ಫ್ಲಿಕ್ಟ್ (ಮುಂದಿನ ಟೋಕನ್ ಎತ್ತಿಕೊಳ್ಳಬೇಕೋ, ಕೈಯಲ್ಲಿರುವುದನ್ನು ನಿಯಮದಂತೆ ಮಡಚಬೇಕೋ ಎಂಬ ಗೊಂದಲ) ಎಂದರೇನೆಂದು ತಿಳಿಯದವನು ಗ್ರಾಮರ್‌ನ ದ್ವಂದ್ವಾರ್ಥವನ್ನು ಮುಂಚಿತವಾಗಿ ಗುರುತಿಸಲಾರ. ಕೈಬರಹದ ಪಾರ್ಸರ್‌ನಲ್ಲಿ ಆ ದ್ವಂದ್ವ ಸದ್ದಿಲ್ಲದೆ ಯಾವುದೋ ಒಂದು ಕಡೆಗೆ ತೀರ್ಮಾನವಾಗಿರುತ್ತದೆ.

ಹಾಲ್ಟಿಂಗ್ ಪ್ರಾಬ್ಲಂ ಬಿಡಿಸಲಾಗದು ಎಂಬುದರಿಂದ ಕಂಪೈಲರ್ ಬರೆಯುವವರಿಗೆ ಏನು?

ಮೊದಲು ಸಾಧನೆ. ಯಾವ ಪ್ರೋಗ್ರಾಂ ಯಾವ ಇನ್‌ಪುಟ್‌ಗೆ ನಿಲ್ಲುತ್ತದೆ ಎಂದು ಸರಿಯಾಗಿ ಹೇಳುವ ಒಂದು ಫಂಕ್ಷನ್ ಇದೆ ಅಂದುಕೊಳ್ಳಿ. ಅದನ್ನು ಬಳಸಿ ‘ವಿರೋಧಿ’ ಎಂಬ ಪ್ರೋಗ್ರಾಂ ಬರೆಯಿರಿ. ಯಾವುದಾದರೂ ಪ್ರೋಗ್ರಾಂ ಕೊಟ್ಟರೆ, ಅದು ತನ್ನದೇ ಪಠ್ಯವನ್ನು ಇನ್‌ಪುಟ್ ಆಗಿ ಪಡೆದಾಗ ನಿಲ್ಲುತ್ತದೆಯೇ ಎಂದು ವಿರೋಧಿ ಆ ಫಂಕ್ಷನ್‌ಗೆ ಕೇಳುತ್ತದೆ. ‘ನಿಲ್ಲುತ್ತದೆ’ ಎಂದರೆ ತಾನು ಕೊನೆಯಿಲ್ಲದೆ ಸುತ್ತುತ್ತದೆ, ‘ಇಲ್ಲ’ ಎಂದರೆ ತಾನು ನಿಲ್ಲುತ್ತದೆ. ಈಗ ವಿರೋಧಿಗೆ ವಿರೋಧಿಯನ್ನೇ ಕೊಡಿ. ಉತ್ತರ ಏನೇ ಬಂದರೂ ಸುಳ್ಳಾಗುತ್ತದೆ. ಪಠ್ಯದಲ್ಲಿರುವ ಈ ರೂಪ ಆಮೇಲೆ ಬಂದದ್ದು. ಇದರ ಬೇರು ಇರುವುದು ಅಲನ್ ಟ್ಯೂರಿಂಗ್ ಅವರ 1936ರ ಪ್ರಬಂಧದಲ್ಲಿ. ಅದನ್ನು ಸಲ್ಲಿಸಿದಾಗ ಅವರಿಗೆ ಇನ್ನೂ 24 ತುಂಬಿರಲಿಲ್ಲ.

ಇನ್ನು ಕಂಪೈಲರ್‌ಗೆ ಬರೋಣ. ಜಾವಾದಲ್ಲಿ ಬೆಲೆ ಕೊಡದೆ ‘ಕ’ ಎಂಬ ವೇರಿಯಬಲ್ ಘೋಷಿಸಿ. ‘ನ’ ಸೊನ್ನೆಗಿಂತ ದೊಡ್ಡದಿದ್ದರೆ ಕಗೆ 1 ಕೊಡಿ. ಮುಂದಿನ ಸಾಲಿನಲ್ಲಿ ಅದೇ ಷರತ್ತು ಮತ್ತೆ ಹಾಕಿ ಕವನ್ನು ಪ್ರಿಂಟ್ ಮಾಡಿ. ಓಡಿಸಿದರೆ ಎಂದೂ ತಪ್ಪಾಗದು, ಆದರೂ ಕಂಪೈಲರ್ ‘ಕಗೆ ಬೆಲೆ ಸಿಕ್ಕಿರಲಿಕ್ಕಿಲ್ಲ’ ಎಂದು ತಿರಸ್ಕರಿಸುತ್ತದೆ. ಅದು ಕಂಪೈಲರ್‌ನ ಮೊದ್ದುತನ ಅಲ್ಲ. ಪ್ರೋಗ್ರಾಂನ ನಡವಳಿಕೆಯ ಬಗ್ಗೆ ಕ್ಷುಲ್ಲಕವಲ್ಲದ ಯಾವ ಪ್ರಶ್ನೆಗೂ ಎಲ್ಲ ಪ್ರೋಗ್ರಾಂಗಳಿಗೆ ಸಲ್ಲುವ ಉತ್ತರ ಯಂತ್ರದಿಂದ ಸಿಗದು ಎಂದು ಹೆನ್ರಿ ರೈಸ್ 1953ರಲ್ಲಿ ಪ್ರಕಟಿಸಿದ ಪ್ರಮೇಯ ಹೇಳುತ್ತದೆ. ಹಾಗಾಗಿ ಕಂಪೈಲರ್ ಒಂದು ಪಕ್ಷ ಹಿಡಿಯಲೇಬೇಕು: ಕೆಲವು ಒಳ್ಳೆಯ ಪ್ರೋಗ್ರಾಂಗಳನ್ನು ಬಿಟ್ಟರೂ ಚಿಂತೆಯಿಲ್ಲ, ಕೆಟ್ಟದ್ದೊಂದೂ ನುಸುಳಬಾರದು. ಡೇಟಾ ಫ್ಲೋ ಅನಾಲಿಸಿಸ್ ಪೂರ್ತಿ ಈ ಎಚ್ಚರದ ಮೇಲೇ ನಿಂತಿದೆ.

ಪಿ, ಎನ್‌ಪಿ ಭಾಗ ಬಿಟ್ಟರೆ ನಡೆಯುತ್ತಾ?

ಬಿಡಬೇಡಿ, ಚಿಕ್ಕದಿದೆ. ಇನ್‌ಪುಟ್ ಬೆಳೆದರೂ ಸಮಯ ವಿಪರೀತ ಬೆಳೆಯದೆ ಬಿಡಿಸಬಹುದಾದ ಸಮಸ್ಯೆಗಳು ಪಿ, ಕೊಟ್ಟ ಉತ್ತರ ಸರಿಯೇ ಎಂದು ಹಾಗೆ ಬೇಗ ಪರೀಕ್ಷಿಸಬಹುದಾದವು ಎನ್‌ಪಿ, ಎನ್‌ಪಿಯಲ್ಲಿ ಅತಿ ಕಠಿಣವಾದವು ಎನ್‌ಪಿ-ಕಂಪ್ಲೀಟ್. ಒಂದು ತರ್ಕಸೂತ್ರವನ್ನು ನಿಜ ಮಾಡಬಹುದೇ ಎಂದು ಕೇಳುವ ಸ್ಯಾಟ್ ಸಮಸ್ಯೆ ಎನ್‌ಪಿ-ಕಂಪ್ಲೀಟ್ ಎಂದು ಸ್ಟೀಫನ್ ಕುಕ್ 1971ರಲ್ಲಿ ತೋರಿಸಿದರು, ಮರುವರ್ಷ ರಿಚರ್ಡ್ ಕಾರ್ಪ್ 21 ಸಮಸ್ಯೆಗಳ ಪಟ್ಟಿ ಕೊಟ್ಟರು. ಒಂದು ಸಂಖ್ಯೆ ಅವಿಭಾಜ್ಯವೇ ಎಂಬ ಪ್ರಶ್ನೆ ಪಿ ವರ್ಗದಲ್ಲಿದೆ ಎಂದು 2002ರಲ್ಲಿ ಸಾಧಿಸಿದವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಕಯಾಲ್ ಮತ್ತು ಸಕ್ಸೇನಾ ಅದೇ ವರ್ಷ ಬಿ.ಟೆಕ್ ಮುಗಿಸಿದ್ದರು.

ಕಂಪೈಲರ್‌ನಲ್ಲಿ ಇದು ಎದುರಾಗುವುದು ರಿಜಿಸ್ಟರ್ ಹಂಚುವಾಗ. ಒಂದೇ ಹೊತ್ತಿಗೆ ಬೇಕಾಗುವ ವೇರಿಯಬಲ್‌ಗಳ ನಡುವೆ ಗೆರೆ ಎಳೆದು ಗ್ರಾಫ್ ಮಾಡಿದರೆ, ಹಂಚಿಕೆ ಎಂದರೆ, ಗೆರೆ ಇರುವ ಎರಡಕ್ಕೆ ಒಂದೇ ಬಣ್ಣ ಬರದಂತೆ ಆ ಗ್ರಾಫ್‌ಗೆ ಬಣ್ಣ ಹಚ್ಚುವುದು. 64 ಬಿಟ್‌ನ ಇಂಟೆಲ್ ಯಂತ್ರದಲ್ಲಿ ದಶಕಗಳಿಂದ ಇದ್ದದ್ದು 16 ಸಾಮಾನ್ಯ ರಿಜಿಸ್ಟರ್. ಗ್ರಾಫ್‌ಗೆ ಬಣ್ಣ ಹಚ್ಚುವುದು ಎನ್‌ಪಿ-ಕಂಪ್ಲೀಟ್ ಆದ್ದರಿಂದ, ಐಬಿಎಂನ ಗ್ರೆಗರಿ ಚೈಟಿನ್ 1981ರಲ್ಲಿ ತೋರಿಸಿದಂಥ, ಬಹುಮಟ್ಟಿಗೆ ಒಳ್ಳೆಯ ಉತ್ತರ ಕೊಡುವ ಉಪಾಯಗಳಿಂದ ಕೆಲಸ ಸಾಗುತ್ತದೆ.

ಇದರಿಂದ ಕೆಲಸ ಸಿಗುತ್ತಾ?

ಬೆಂಗಳೂರಿನಲ್ಲಿ ಚಿಪ್ ಮಾಡುವ ದೊಡ್ಡ ಕಂಪನಿಗಳ ಕಂಪೈಲರ್ ತಂಡಗಳಿವೆ. ಪ್ರತಿ ಹೊಸ ಪ್ರೊಸೆಸರ್‌ಗೂ, ಎಐ ಚಿಪ್‌ಗೂ ಕೋಡ್ ಹುಟ್ಟಿಸುವವರು ಬೇಕು. ಕಂಪೈಲರ್ ಕಟ್ಟಲು ಬಳಸುವ ಎಲ್‌ಎಲ್‌ವಿಎಂ ಎಂಬ ಸಾಫ್ಟ್‌ವೇರ್ ಗೊತ್ತಿದ್ದವರಿಗೆ ಬೇಡಿಕೆ ಇದೆ. ಸಂಶೋಧನೆಯ ಒಲವಿದ್ದರೆ ಐಐಎಸ್ಸಿಯಲ್ಲಿ ಈ ಕ್ಷೇತ್ರದ ಕೆಲಸ ಬಹುಕಾಲದಿಂದ ನಡೆದುಬಂದಿದೆ. ಲೂಪ್‌ಗಳನ್ನು ತಾನಾಗಿಯೇ ಸಮಾನಾಂತರ ಮಾಡುವ ‘ಪ್ಲೂಟೋ’ ರೂಪಿಸಿದ ಉದಯ್ ಬೊಂಧುಗುಲ ಅಲ್ಲಿನ ಪ್ರಾಧ್ಯಾಪಕರು.

ಮಿನಿ ಪ್ರಾಜೆಕ್ಟ್‌ಗೆ ಕ್ಯಾಲ್ಕುಲೇಟರ್ ಬಿಟ್ಟು ಬೇರೆ ಏನಾದರೂ ಹೇಳಿ.

ಕನ್ನಡದ ಹೆಸರುಗಳನ್ನು ಒಪ್ಪುವ ಒಂದು ಪುಟ್ಟ ಭಾಷೆ ಮಾಡಿ. ಪೈಥಾನ್ 3ರಲ್ಲಿ ‘ಮೊತ್ತ = 5’ ಎಂದು ಈಗಾಗಲೇ ಬರೆಯಬಹುದು. ಫ್ಲೆಕ್ಸ್‌ನಲ್ಲಿ ಅದನ್ನು ನೀವೇ ಮಾಡಬೇಕು, ಏಕೆಂದರೆ ಫ್ಲೆಕ್ಸ್‌ಗೆ ಕಾಣುವುದು ಬೈಟ್‌ಗಳು ಮಾತ್ರ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳಲ್ಲಿ ಪ್ರತಿಯೊಂದೂ ಯುಟಿಎಫ್-8ರಲ್ಲಿ ಮೂರು ಬೈಟ್ ಆಗುತ್ತದೆ: ಮೊದಲನೆಯದು 224, ಎರಡನೆಯದು 178 ಇಲ್ಲವೇ 179, ಮೂರನೆಯದು 128ರಿಂದ 191ರೊಳಗೆ. ಇದೊಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ಇಷ್ಟರಲ್ಲಿ ಕಂಡಿರಬೇಕು. ‘ಒಂದು ಅಥವಾ ಹೆಚ್ಚು ಕನ್ನಡ ಚಿಹ್ನೆ’ ಎಂಬ ನಿಯಮ ಬರೆದು ‘ಮೊತ್ತ’ ಕೊಟ್ಟರೆ ಒಂದೇ ಟೋಕನ್ ಬರುತ್ತದೆ. ಆದರೆ ಈ ನಿಯಮ ಕನ್ನಡ ಅಂಕಿಗಳನ್ನೂ ಹೆಸರಿನ ಮೊದಲಿಗೆ ಬಿಟ್ಟುಕೊಳ್ಳುತ್ತದೆ, ಗುಣಿತದ ಚಿಹ್ನೆ ಒಂಟಿಯಾಗಿ ಬಂದರೂ ಒಪ್ಪುತ್ತದೆ. ಹೆಸರು ಸ್ವರದಿಂದಲೋ ವ್ಯಂಜನದಿಂದಲೋ ಶುರುವಾಗಬೇಕು, ಗುಣಿತದ ಚಿಹ್ನೆ ವ್ಯಂಜನದ ಬೆನ್ನಿಗೇ ಬರಬೇಕು ಎಂದು ಬಿಗಿ ಮಾಡುತ್ತ ಹೋಗಿ. ಒತ್ತಕ್ಷರಕ್ಕೆ ‘ವ್ಯಂಜನ, ವಿರಾಮ’ ಎಂಬ ಜೋಡಿಯ ಮರುಕಳಿಕೆ ಬೇಕಾಗುತ್ತದೆ (ವಿರಾಮ ಎಂದರೆ ವ್ಯಂಜನದ ಸ್ವರ ಕಳೆಯುವ ಚಿಹ್ನೆ). ‘ಶಾಸ್ತ್ರ’ ಎಂಬ ಹೆಸರು ಕೊಟ್ಟು ಪರೀಕ್ಷಿಸಿ.

ಇಷ್ಟಾದ ಮೇಲೆ ‘ಮಾರ್ಕ್ಸ್‌ಗಳು’ ಎಂಬ ಹೆಸರು ಕೊಟ್ಟು ನೋಡಿ. ನಿಮ್ಮ ಲೆಕ್ಸರ್ ‘ಮಾರ್ಕ್ಸ್’ ಹತ್ತಿರ ನಿಂತು, ಪರದೆಯ ಮೇಲೆ ಕಾಣದ ಯಾವುದೋ ಅಕ್ಷರದ ಬಗ್ಗೆ ದೂರುತ್ತದೆ. ‘ಸ್’ ಮತ್ತು ‘ಗ’ ಒತ್ತಾಗಿ ಕೂಡದಿರಲಿ ಎಂದು ಕೀಬೋರ್ಡ್ ಅಲ್ಲಿ ಶೂನ್ಯ ಅಗಲದ ಒಂದು ಚಿಹ್ನೆ ಸೇರಿಸಿರುತ್ತದೆ. ಅದು ಕನ್ನಡದ 128 ಸ್ಥಾನಗಳಲ್ಲಿ ಇಲ್ಲ. ಅದರ ಬೈಟ್‌ಗಳು 226, 128, 140. ವಿರಾಮದ ನಂತರ ಮಾತ್ರ ಅದು ಬರಬಹುದು ಎಂದು ನಿಮ್ಮ ಡಿಎಫ್‌ಎಗೆ ಇನ್ನೊಂದು ಬಾಣ ಸೇರಿಸಬೇಕು. ಅದು ಇರುವ ಹೆಸರೂ ಇಲ್ಲದ ಹೆಸರೂ ಸಿಂಬಲ್ ಟೇಬಲ್‌ನಲ್ಲಿ ಒಂದೇ ಎಂದು ಎಣಿಸಬೇಕೇ, ಬೇರೆಯೇ ಎಂಬುದನ್ನು ನೀವೇ ತೀರ್ಮಾನಿಸಿ, ಯಾಕೆ ಹಾಗೆ ಮಾಡಿದಿರಿ ಎಂದು ರಿಪೋರ್ಟ್‌ನಲ್ಲಿ ಬರೆಯಿರಿ. ವೈವಾದಲ್ಲಿ ಅದರ ಬಗ್ಗೆ ಖಂಡಿತ ಕೇಳುತ್ತಾರೆ.